ಗಣಕ ಕಟ್ಟೆ: ತೋಟ ಅಲ್ಲೇ ಇದೆ, ಪಹಣಿ ಎಲ್ಲಿ?



ಈ ಸಂಚಿಕೆಗೆ ಬೇರೊಂದು ವಿಷಯ ಬರೆದಿಟ್ಟಿದ್ದೆ. ಅದನ್ನು ಬದಿಗಿಟ್ಟು ಇದನ್ನು ಬರೆಯಲು ಕಾರಣ, ಈ ಮಳೆಗಾಲದ ಒಂದು ರಾತ್ರಿ ಕಲೂರಿನ ನಮ್ಮ ಸಂಘದ ಕೊಠಡಿಯಲ್ಲಿ ನಡೆದ ಪ್ರಸಂಗ. ಅಂದು ನಮ್ಮ ಹುಡುಗನೊಬ್ಬ ಒಂದೇ ಒಂದು ಕೀಲಿ ಒತ್ತಿದ್ದರೆ ಸಂಘದ ಇಷ್ಟು ವರ್ಷಗಳ ಗಂಟು ನೀರಿಗೆ ಬಿದ್ದಂತಾಗುತ್ತಿತ್ತು. ಹುಡುಗನ ಹೆಸರು ಬರೆಯುವುದಿಲ್ಲವೆಂದು ಅವನ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಇಲ್ಲಿ ಅವನು ಬರೇ 'ಮಾಣಿ'.

ಮೊದಲೇ ಒಂದು ಸೂಚನೆ. ಪತ್ರಿಕೆಯ ಪದ್ಧತಿಯಂತೆ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಒಂದೊಂದೇ ಅಕ್ಷರವಾಗಿ ಓದಿಕೊಂಡು ಕೀಲಿಮಣೆಯಲ್ಲಿ ಇಂಗ್ಲಿಷಿನಲ್ಲಿ ಒತ್ತಿಕೊಳ್ಳಿ. ನಿಮ್ಮಲ್ಲಿ ಹಲವರಿಗೆ ಕನ್ನಡ ಓದುವುದೇ ನಿಧಾನ ಎಂದು ಬಲ್ಲೆ. ಇದನ್ನು ಹೇಗೂ ನಿಧಾನವಾಗಿಯೇ ಓದಬೇಕು.

ಸಂಘದ ಕೊಠಡಿಯ ಮೂಲೆಯಲ್ಲಿರುವ ಕಪ್ಪು ಪೆಟ್ಟಿಗೆಯನ್ನು ನೀವೆಲ್ಲ ನೋಡಿದ್ದೀರಿ. ರಾಜ್ಯೋತ್ಸವದ ಅಭ್ಯಾಸಕ್ಕೆ ಬಂದಾಗ ಅದರ ಮೇಲೆ ಟಿಫಿನ್ ಡಬ್ಬ ಇಟ್ಟವರೂ ಇದ್ದೀರಿ! ಅದು ನಮ್ಮ ಸರ್ವರ್. ಅದರಲ್ಲಿ ಲಿನಕ್ಸ್ ಇದೆ. ಸ್ಕ್ಯಾನ್ ಮಾಡಿದ ಹಳೆಯ ಸಂಚಿಕೆಗಳು, ನಾಟಕಗಳ ವೀಡಿಯೊ, ಸದಸ್ಯರ ಪಟ್ಟಿ, ಲೆಕ್ಕಪತ್ರ ಎಲ್ಲ ಇವೆ. ಇವೆಲ್ಲಕ್ಕಿಂತ ಮುಖ್ಯವಾಗಿ ಎರ್ನಾಕುಲಂನ ಉಡುಪಿ ಹೋಟೆಲುಗಳಲ್ಲಿ ದುಡಿದು ಬಾಳಿದ ಹಿರಿಯರನ್ನು ಕೂರಿಸಿ ಮಾತನಾಡಿಸಿದ ಕ್ಯಾಸೆಟ್ಟುಗಳ ಪ್ರತಿಗಳಿವೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಅವನ್ನು ಎಸೆದಾಗಿದೆ. ಮಾತನಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಎರಡನೆಯ ಪ್ರತಿ ಇರಲಿಲ್ಲ. ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. 'ಮುಂದಿನ ತಿಂಗಳು ಮಾಡೋಣ' ಎನ್ನುತ್ತಲೇ ಎರಡು ವರ್ಷ ಕಳೆದಿದ್ದೆ.

ಅಂದು ಸಂಜೆಯಿಂದ ಕೊಚ್ಚಿಯಲ್ಲಿ ಜಡಿಮಳೆ. ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿತ್ತು, ಅದು ಕೈಕೊಟ್ಟಿತು. ನಾನು ಕೆಲಸದ ಮೇಲೆ ತಿರುವನಂತಪುರದಲ್ಲಿದ್ದೆ, ಅಂದರೆ ಇನ್ನೂರು ಕಿಲೋಮೀಟರ್ ಆಚೆ. ರಾತ್ರಿ ಒಂಬತ್ತೂವರೆಗೆ ಫೋನು.

"ಮಾವ, ಎಲ್ಲಾ ಪೋಯಿ!"

ಗಾಬರಿಯಾದಾಗ ನಮ್ಮ ಮಕ್ಕಳ ಬಾಯಿಂದ ಮಲಯಾಳವೇ ಬರುತ್ತದೆ, ಅದಿರಲಿ. ಏನು ಹೋಯಿತೆಂದು ಕೇಳಿದೆ. ಸರ್ವರ್ ಏಳುವಾಗ ಒಂದೂವರೆ ನಿಮಿಷ ಸುಮ್ಮನೆ ಕಾಯಿತಂತೆ. ಆಮೇಲೆ 'ಡಿವೈಸ್‌ಗಾಗಿ ಕಾದು ಹೊತ್ತು ಮೀರಿತು' ಎಂಬರ್ಥದ ಸಾಲು, ಹಿಂದೆಯೇ 'ಡಿಪೆಂಡೆನ್ಸಿ ಫೇಲ್ಡ್', ಕೊನೆಗೆ 'ಎಮರ್ಜೆನ್ಸಿ ಮೋಡ್'. ನಾವು 'ಭಂಡಾರ' ಎಂದು ಹೆಸರಿಟ್ಟಿದ್ದ ವಾಲ್ಯೂಮ್ ಕಾಣಿಸುತ್ತಿಲ್ಲ.

"ಈಗ ಏನು ಮಾಡುತ್ತಿದ್ದೀ?"

"ಒಂದು ಕಮಾಂಡ್ ಸಿಕ್ಕಿದೆ ಮಾವ. ಟೈಪ್ ಮಾಡಿ ಆಯಿತು. ಎಂಟರ್ ಒತ್ತುವುದೊಂದೇ ಬಾಕಿ."

"ಓದು ನೋಡೋಣ."

ಓದಿದ: 'ವಿಜಿರೆಡ್ಯೂಸ್', ಅದರ ಮುಂದೆ 'ರಿಮೂವ್‌ಮಿಸ್ಸಿಂಗ್', ಅದರ ಮುಂದೆ 'ಫೋರ್ಸ್'.

ನನ್ನ ಕೈ ತಣ್ಣಗಾಯಿತು. "ಮಾಣಿ, ಕೀಬೋರ್ಡಿನಿಂದ ಕೈ ತೆಗೆ. ಕುರ್ಚಿ ಹಿಂದಕ್ಕೆ ಎಳೆದುಕೋ. ಮೊದಲು ಒಂದು ಲೋಟ ನೀರು ಕುಡಿ" ಎಂದೆ.

ಅವನನ್ನು ಬೈಯುವ ಹಾಗಿರಲಿಲ್ಲ. 'ಫೋರ್ಸ್' ಇಲ್ಲದೆ ಅವನು ಒಮ್ಮೆ ಕೊಟ್ಟು ನೋಡಿದ್ದ. ಆಗ ಯಂತ್ರವೇ 'ಅರ್ಧಂಬರ್ಧ ವಾಲ್ಯೂಮುಗಳು ಉಳಿದಿವೆ, ಷರತ್ತಿಲ್ಲದೆ ತೆಗೆಯಬೇಕಾದರೆ ಫೋರ್ಸ್ ಸೇರಿಸಿ' ಎಂದು ದಾರಿ ತೋರಿಸಿತ್ತು. ಯಂತ್ರ ಸುಳ್ಳು ಹೇಳಿಲ್ಲ. 'ತೆಗೆಯಬೇಕಾದರೆ' ಎಂದದ್ದನ್ನು ನಮ್ಮ ಹುಡುಗ 'ಸರಿಪಡಿಸಬೇಕಾದರೆ' ಎಂದು ಓದಿಕೊಂಡ, ಅಷ್ಟೆ. ಆ ಆಜ್ಞೆ ಮಾಡುವುದೇನು? ಕಾಣೆಯಾದ ಡಿಸ್ಕನ್ನು ಗುಂಪಿನಿಂದ ಹೊರಹಾಕುತ್ತದೆ. ಆ ಡಿಸ್ಕಿನಲ್ಲಿ ಒಂದು ತುಂಡಾದರೂ ಇರುವ ವಾಲ್ಯೂಮುಗಳ ಹೆಸರನ್ನೂ ನಕ್ಷೆಯಿಂದ ಅಳಿಸಿಬಿಡುತ್ತದೆ. ನಮ್ಮ ಭಂಡಾರ ಎರಡು ಡಿಸ್ಕುಗಳಲ್ಲಿ ಹರಡಿಕೊಂಡಿತ್ತು. ಡಿಸ್ಕ್ ಮರಳಿ ಬಂದರೂ ಅದರಲ್ಲಿ ಏನಿತ್ತೆಂದು ಹೇಳುವವರು ಇರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ನಕ್ಷೆ ಎಂದರೇನು ಎಂದು ನೋಡೋಣ.

ನನ್ನದು ಕಾಸರಗೋಡಿನ ಕಡೆಯ ಅಡಿಕೆ ತೋಟದ ಮನೆ. ನಮ್ಮ ಅಜ್ಜನ 'ದೊಡ್ಡ ತೋಟ' ಎಂದರೆ ಊರಿಗೇ ಗೊತ್ತು. ಆದರೆ ಸರ್ಕಾರದ ಕಡತದಲ್ಲಿ ಆ ಹೆಸರಿನ ಜಾಗವೇ ಇಲ್ಲ! ಅಲ್ಲಿರುವುದು ಮೂರು ಸರ್ವೆ ನಂಬರುಗಳ ತುಂಡುಗಳು. ನಡುವೆ ತೋಡು ಬೇರೆ. ನಾವು ನಡೆಯುವಾಗ ಅದು ಒಂದೇ ತೋಟ. ಕಡತದಲ್ಲಿ ಮೂರು ತುಂಡು. ಇವೆರಡನ್ನೂ ಜೋಡಿಸುವ ಕಾಗದಕ್ಕೆ ಕರ್ನಾಟಕದಲ್ಲಿ ಪಹಣಿ ಎನ್ನುತ್ತಾರೆ. ಇಲ್ಲಿಯ ವಿಲೇಜ್ ಆಫೀಸಿನಲ್ಲಿ 'ತಂಡಪ್ಪೇರ್' ಎಂಬ ಮಾತನ್ನು ನಿಮ್ಮ ಅಪ್ಪಂದಿರ ಬಾಯಲ್ಲಿ ಕೇಳಿರುತ್ತೀರಿ. ಕಾಗದ ಕಳೆದುಹೋದರೆ ತೋಟ ಎಲ್ಲಿಗೂ ಓಡಿಹೋಗುವುದಿಲ್ಲ. ಅಡಿಕೆ ಮರ ಅಲ್ಲೇ ನಿಂತಿರುತ್ತದೆ. ಆದರೆ ಕಾಗದ ಇಲ್ಲವೆಂದು ಯಾರೋ ಬುಲ್ಡೋಜರ್ ತಂದು ನೆಲ ಸಮ ಮಾಡಿ ಹೊಸದಾಗಿ ಸೈಟು ಹಾಕಿದರೆ?

ಲಿನಕ್ಸ್‌ನಲ್ಲಿ ಈ ಪಹಣಿಯ ಕೆಲಸ ಮಾಡುವ ಭಾಗಕ್ಕೆ 'ಡಿವೈಸ್ ಮ್ಯಾಪರ್' ಎಂದು ಹೆಸರು. ಅದಕ್ಕೂ ಮುಂಚೆ, 1998ರಲ್ಲಿ, ಹೈಂಜ್ ಮೌಲ್ಸ್‌ಹಾಗೆನ್ ಎಂಬವರು ಎಲ್‌ವಿಎಂ ಎಂಬ ವಾಲ್ಯೂಮ್ ನಿರ್ವಹಣೆಯ ವ್ಯವಸ್ಥೆಯನ್ನು ಲಿನಕ್ಸ್‌ಗಾಗಿ ಬರೆದರು. 2001ರ ಜನವರಿಯಲ್ಲಿ ಬಂದ 2.4 ಕರ್ನೆಲ್‌ನೊಂದಿಗೆ ಅದು ಎಲ್ಲರ ಕೈಗೂ ಸಿಕ್ಕಿತು. ಡಿವೈಸ್ ಮ್ಯಾಪರ್ ಬಂದದ್ದು 2003ರ ಡಿಸೆಂಬರಿನ 2.6 ಕರ್ನೆಲ್‌ನಲ್ಲಿ. ಅಂದಿನಿಂದ ಎಲ್‌ವಿಎಂ ಅದರ ಮೇಲೆಯೇ ಕುಳಿತಿದೆ. ಬೀಗ ಹಾಕಿದ ಡಿಸ್ಕು, ಹಲವು ದಾರಿಗಳಿಂದ ತಲುಪುವ ಡಿಸ್ಕು, ಸ್ನ್ಯಾಪ್‌ಶಾಟ್ ಎಲ್ಲಕ್ಕೂ ಇದೇ ಅಡಿಪಾಯ. ಆದ್ದರಿಂದ ಸರ್ವರ್ ಕೆಲಸ ಮಾಡುವವರು ಇದನ್ನೊಂದು ಚೆನ್ನಾಗಿ ಅರ್ಥಮಾಡಿಕೊಂಡರೆ ಅರ್ಧ ಊರು ಗೆದ್ದಂತೆ.

ಆ ಪಹಣಿಯನ್ನು ಕಣ್ಣಾರೆ ನೋಡಬಹುದು. 'ಡಿಎಂಸೆಟಪ್ ಟೇಬಲ್' ಎಂಬ ಆಜ್ಞೆ ಕೊಡಿ. ಉದಾಹರಣೆಗೆ ಇಂತಹ ಎರಡು ಸಾಲುಗಳು ಬರುತ್ತವೆ:

0 20971520 ಲೀನಿಯರ್ 8:17 2048
20971520 10485760 ಲೀನಿಯರ್ 8:33 2048

ಮೊದಲ ಸಾಲನ್ನು ಹೀಗೆ ಓದಬೇಕು. ವಾಲ್ಯೂಮಿನ ಸೊನ್ನೆಯ ಸೆಕ್ಟರಿನಿಂದ ಆರಂಭಿಸಿ 2,09,71,520 ಸೆಕ್ಟರುಗಳು, ನೇರವಾಗಿ, 8:17 ಎಂಬ ಜಾಗದಲ್ಲಿ 2048ನೆಯ ಸೆಕ್ಟರಿನಿಂದ ಶುರುವಾಗಿ ಇವೆ. ಒಂದು ಸೆಕ್ಟರಿಗೆ 512 ಬೈಟು. ಗುಣಿಸಿದರೆ ಸರಿಯಾಗಿ ಹತ್ತು ಜಿಬಿ. 8:17 ಎಂದರೆ ಎಸ್‌ಡಿಬಿ ಡಿಸ್ಕಿನ ಒಂದನೆಯ ಭಾಗ. ಎರಡನೆಯ ಸಾಲು, ಅದರ ಮುಂದಿನ ಐದು ಜಿಬಿ 8:33ರಲ್ಲಿ, ಅಂದರೆ ಎಸ್‌ಡಿಸಿಯ ಒಂದನೆಯ ಭಾಗದಲ್ಲಿ ಇದೆ ಎನ್ನುತ್ತದೆ. ಇಷ್ಟೇ! ಎರಡು ಸಾಲಿನ ಕಾಗದ. ಹದಿನೈದು ಜಿಬಿಯ ಒಂದೇ ತೋಟ, ಎರಡು ಸರ್ವೆ ನಂಬರು. ಎರಡನೆಯ ಡಿಸ್ಕ್ ಕಾಣದಿದ್ದರೆ ಎರಡನೆಯ ಸಾಲು ಬರೆಯಲಾಗದು. ಆಗ ಎಲ್‌ವಿಎಂ ಇಡೀ ವಾಲ್ಯೂಮನ್ನೇ ಎಬ್ಬಿಸಲು ಒಪ್ಪುವುದಿಲ್ಲ. ಅದು ಹಟವಲ್ಲ, ಜವಾಬ್ದಾರಿ.

ಈ ಸಾಲುಗಳನ್ನು ಎಲ್‌ವಿಎಂ ಎಲ್ಲಿಂದ ತರುತ್ತದೆ? ಪ್ರತಿ ಡಿಸ್ಕಿನ ಆರಂಭದಲ್ಲಿ, ಸಾಮಾನ್ಯವಾಗಿ ಮೊದಲ ಒಂದು ಎಂಬಿಯೊಳಗೆ, ಮೊಹರು ಹಾಕಿದ ಒಂದು ಸೆಕ್ಟರು ಮತ್ತು ಇಡೀ ಗುಂಪಿನ ನಕ್ಷೆ ಇರುತ್ತವೆ. ನಕ್ಷೆ ಸಾದಾ ಅಕ್ಷರಗಳಲ್ಲೇ ಬರೆದಿರುತ್ತದೆ, ನಾವೂ ನೀವೂ ಓದಬಹುದು. ಪದ್ಧತಿಯಂತೆ ಗುಂಪಿನ ಪ್ರತಿ ಡಿಸ್ಕಿನಲ್ಲೂ ಇಡೀ ನಕ್ಷೆಯ ಒಂದೊಂದು ಪ್ರತಿ ಇರುತ್ತದೆ. ಇದು ನಮ್ಮ ಪುಣ್ಯ. ಇದಲ್ಲದೆ ಸಿಸ್ಟಂ ಡಿಸ್ಕಿನಲ್ಲಿ '/ಇಟಿಸಿ/ಎಲ್‌ವಿಎಂ/ಬ್ಯಾಕಪ್' ಮತ್ತು '/ಇಟಿಸಿ/ಎಲ್‌ವಿಎಂ/ಆರ್ಕೈವ್' ಎಂಬ ಎರಡು ಕಡತಕೋಶಗಳಲ್ಲೂ ಪ್ರತಿ ಇಟ್ಟಿರುತ್ತದೆ. ಮೊದಲನೆಯದರಲ್ಲಿ ಇಂದಿನ ನಕ್ಷೆ, ಎರಡನೆಯದರಲ್ಲಿ ಹಿಂದಿನವು.

ನೀರು ಕುಡಿದು ಬಂದ ಮಾಣಿಗೆ ಇಷ್ಟು ಪುರಾಣ ಹೇಳಲಿಲ್ಲ. "ಡಿಸ್ಕಿಗೆ ಏನನ್ನೂ ಬರೆಯುವ ಆಜ್ಞೆ ಈ ರಾತ್ರಿ ಬೇಡ. ಬರೇ ನೋಡುವ ಆಜ್ಞೆ ಸಾಕು. ಕೆಳಗಿನಿಂದ ಮೇಲಕ್ಕೆ ಹತ್ತೋಣ" ಎಂದೆ. ಎಲ್ಲರೂ ಮಾಡುವ ತಪ್ಪು ಮೇಲಿನಿಂದ ಇಳಿಯುವುದು. ಫೈಲು ಕಾಣದಿದ್ದರೆ ಫೈಲ್ ಸಿಸ್ಟಂ ಕೆಟ್ಟಿದೆ ಎಂದು 'ಎಫ್‌ಎಸ್‌ಸಿಕೆ' ಓಡಿಸುತ್ತಾರೆ. ಅದೂ ಆಗದಿದ್ದರೆ 'ಎಂಕೆಎಫ್‌ಎಸ್', 'ಪಿವಿಕ್ರಿಯೇಟ್' ಎಂದು ಹೊಸದಾಗಿ ಕಟ್ಟಲು ಹೊರಡುತ್ತಾರೆ. ಇವು ಮೂರೂ ಬರೆಯುವ ಆಜ್ಞೆಗಳು. ನಾನು ಹೇಳಿದ ಬುಲ್ಡೋಜರ್ ಇವೇ.

ಮೊದಲು 'ಎಲ್‌ಎಸ್‌ಬಿಎಲ್‌ಕೆ'. ಎಷ್ಟು ಡಿಸ್ಕ್ ಕಾಣುತ್ತದೆ? ಎರಡು. ಇರಬೇಕಾದದ್ದು ಮೂರು: ಸಿಸ್ಟಮಿನದೊಂದು, ಭಂಡಾರದ್ದು ಎರಡು. ಆಮೇಲೆ 'ಪಿವಿಎಸ್'. 'ಈ ಗುರುತಿನ ಡಿಸ್ಕ್ ಕೊನೆಯದಾಗಿ ಎಸ್‌ಡಿಸಿಯಲ್ಲಿ ಕಂಡಿತ್ತು, ಈಗ ಸಿಗುತ್ತಿಲ್ಲ' ಎಂದು ಬಂತು. ಅಲ್ಲಿಗೆ ಎಲ್‌ವಿಎಂ ನಿರಪರಾಧಿ ಎಂದಾಯಿತು. ಕರ್ನೆಲ್ಲಿಗೇ ಕಾಣದ ಡಿಸ್ಕನ್ನು ಅದು ಎಲ್ಲಿಂದ ತಂದೀತು? ಮೆಟ್ಟಿಲಿನ ಮೊದಲ ಹಂತವೇ ಮುರಿದಿತ್ತು.

"ಪವರ್ ತೆಗೆ, ಮುಚ್ಚಳ ಬಿಚ್ಚು" ಎಂದೆ. ಕೇಬಲ್ ಬಿಚ್ಚಿ ಒತ್ತಿ ಕೂರಿಸಿದ. ಮತ್ತೆ ಹಾಕಿದರೂ ಎರಡೇ ಡಿಸ್ಕ್. "ಈಗ ಕಿವಿ ಹತ್ತಿರ ಇಡು. ತಿರುಗುವ ಸದ್ದು ಇದೆಯೇ? ಟಕ್ ಟಕ್ ಎನ್ನುತ್ತದೆಯೇ?" ಟಕ್ ಟಕ್ ಎಂದರೆ ಡಿಸ್ಕಿನ ಒಳಗೇ ಏಟಾಗಿದೆ ಎಂದರ್ಥ. ಹಾಗಿದ್ದರೆ ಅಲ್ಲಿಗೇ ಕರೆಂಟ್ ತೆಗೆದು ಬಲ್ಲವರ ಕೈಗೆ ಕೊಡಬೇಕು. ಇನ್ನೊಮ್ಮೆ ಓಡಿಸಿ ನೋಡೋಣ ಎಂದರೆ ಇದ್ದದ್ದೂ ಹೋಗುತ್ತದೆ. ನಮ್ಮದು ಮೆಲ್ಲಗೆ ಗುಂಯ್ ಎನ್ನುತ್ತಿತ್ತು. ಸುಖದ ಸದ್ದು! ಅನುಮಾನ ಕೇಬಲ್ ಮೇಲೆ ಹೋಯಿತು. ಕೊಚ್ಚಿಯ ಉಪ್ಪು ಗಾಳಿ ಮತ್ತು ಜೂನ್ ತಿಂಗಳ ತೇವದಲ್ಲಿ ಕನೆಕ್ಟರಿನ ಕಾಲುಗಳಿಗೆ ಕಿಲುಬು ಹಿಡಿಯುವುದು ಹೊಸತೇನಲ್ಲ.

ರಾತ್ರಿ ಹತ್ತೂವರೆಗೆ ಯಾವ ಅಂಗಡಿ ತೆರೆದಿರುತ್ತದೆ? ಮಾಣಿ ಮಳೆಯಲ್ಲೇ ಸ್ಕೂಟರ್ ಹತ್ತಿ ಸ್ನೇಹಿತನ ಮನೆಯಿಂದ ಡಿಸ್ಕ್ ಕೂರಿಸುವ ಯುಎಸ್‌ಬಿ ಪೆಟ್ಟಿಗೆ ತಂದ. ಡಿಸ್ಕನ್ನು ಅದರಲ್ಲಿಟ್ಟು ಸರ್ವರಿಗೆ ಚುಚ್ಚಿದ. 'ಎಲ್‌ಎಸ್‌ಬಿಎಲ್‌ಕೆ' ಮೂರು ಡಿಸ್ಕ್ ತೋರಿಸಿತು.

"ಮಾವ, ಬಂತು! ಆದರೆ 931.5 ಜಿ ಎನ್ನುತ್ತದೆ. ಒಂದು ಟಿಬಿಯಲ್ಲಿ ಉಳಿದದ್ದು ಎಲ್ಲಿ ಹೋಯಿತು?"

ಆ ಹೊತ್ತಿನಲ್ಲೂ ನಗು ಬಂತು. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಲಿನಕ್ಸ್ 1024ರ ಲೆಕ್ಕದಲ್ಲಿ. ಸೇರು ಬೇರೆ, ಅಕ್ಕಿ ಅಷ್ಟೇ.

ನಮ್ಮ ನಗು ಬಹಳ ಹೊತ್ತು ಉಳಿಯಲಿಲ್ಲ. 'ಪಿವಿಎಸ್' ಮತ್ತೆ ಅದೇ ಹಾಡು ಹಾಡಿತು: ಡಿಸ್ಕ್ ಸಿಗುತ್ತಿಲ್ಲ. ಕಣ್ಣೆದುರೇ ಇದೆ, ಆದರೂ ಇಲ್ಲವಂತೆ! ಇಲ್ಲಿ ನನಗೂ ಐದು ನಿಮಿಷ ತಲೆ ಓಡಲಿಲ್ಲ. ಆಮೇಲೆ ನೆನಪಾಯಿತು. ಹಿಂದಿನ ವರ್ಷ ಸರ್ವರಿಗೆ ಹೊಸ ಲಿನಕ್ಸ್ ಹಾಕಿದ್ದೆವು, 2022ರಲ್ಲಿ ಬಂದ ರೆಡ್ ಹ್ಯಾಟ್ 9ರ ಬಳಗದ್ದು. ಆ ಬಳಗದಲ್ಲಿ ಎಲ್‌ವಿಎಂ ಮೊದಲಿನಂತೆ ಕಂಡ ಕಂಡ ಡಿಸ್ಕನ್ನೆಲ್ಲ ಮುಟ್ಟಿ ನೋಡುವುದಿಲ್ಲ. '/ಇಟಿಸಿ/ಎಲ್‌ವಿಎಂ/ಡಿವೈಸಸ್' ಎಂಬಲ್ಲಿ 'ಸಿಸ್ಟಂ.ಡಿವೈಸಸ್' ಎಂಬ ಪಟ್ಟಿ ಇದೆ. ಅದರಲ್ಲಿ ಹೆಸರಿದ್ದವರಿಗೆ ಮಾತ್ರ ಎಲೆ ಹಾಕುತ್ತದೆ! ಪಟ್ಟಿಯಲ್ಲಿ ಡಿಸ್ಕನ್ನು ಗುರುತಿಸುವುದು ಅದರ ತಯಾರಿಕಾ ಗುರುತಿನಿಂದ. ಯುಎಸ್‌ಬಿ ಪೆಟ್ಟಿಗೆಯೊಳಗೆ ಕುಳಿತ ಡಿಸ್ಕು ಪೆಟ್ಟಿಗೆಯ ಗುರುತನ್ನು ಹೇಳಿಕೊಂಡು ಬಂದಿತ್ತು. ಮನೆಯ ಮಗನೇ ಬೇರೆಯವರ ಕೊಡೆ ಹಿಡಿದು ಬಂದರೆ ಕಾವಲುಗಾರ ಒಳಗೆ ಬಿಡದಂತೆ.

ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಹಳೆಯ ಪುಸ್ತಕಗಳಲ್ಲಿ, ಹಳೆಯ ಟಿಪ್ಪಣಿಗಳಲ್ಲಿ ಈ ಮಾತು ಇಲ್ಲ. ಡಿಸ್ಕ್ ಕಾಣುತ್ತದೆ, ವಾಲ್ಯೂಮ್ ಕಾಣುವುದಿಲ್ಲ ಎಂದಾದರೆ ಡಿಸ್ಕ್ ಕೆಟ್ಟಿದೆ ಎಂದೇ ಜನ ತೀರ್ಮಾನಿಸುತ್ತಾರೆ. 'ಎಲ್‌ವಿಎಂಡಿವೈಸಸ್' ಎಂಬ ಆಜ್ಞೆಯಿಂದ ಪಟ್ಟಿ ನೋಡಬಹುದು, ಅದಕ್ಕೇ 'ಆಡ್‌ಡೆವ್' ಸೇರಿಸಿ ಡಿಸ್ಕಿನ ಹೆಸರು ಕೊಟ್ಟರೆ ಪಟ್ಟಿಗೆ ಸೇರುತ್ತದೆ. ಇದು ಡೇಟಾವನ್ನು ಮುಟ್ಟುವುದಿಲ್ಲ, ಪಟ್ಟಿಯನ್ನಷ್ಟೇ ತಿದ್ದುತ್ತದೆ. ಇನ್ನೊಂದು ತೊಡಕೂ ಎದುರಾಯಿತು. ಮಾಣಿಯ ಮೊದಲ ಪ್ರಯತ್ನದ ಫಲವೋ ಏನೋ, ನಕ್ಷೆಯಲ್ಲಿ ಆ ಡಿಸ್ಕಿನ ಮೇಲೆ 'ಕಾಣೆ' ಎಂಬ ಮುದ್ರೆ ಬಿದ್ದಿತ್ತು. ಅದನ್ನು 'ವಿಜಿಎಕ್ಸ್‌ಟೆಂಡ್' ಆಜ್ಞೆಗೆ 'ರಿಸ್ಟೋರ್‌ಮಿಸ್ಸಿಂಗ್' ಸೇರಿಸಿ ತೆಗೆಸಿದೆ. ಆ ರಾತ್ರಿ ನಾವು ಡಿಸ್ಕಿಗೆ ಬರೆದದ್ದು ಅದೊಂದನ್ನೇ, ಅದೂ ಎರಡು ಸಲ ಓದಿಸಿ ಕೇಳಿದ ಮೇಲೆ.

ಬಳಿಕ 'ವಿಜಿಚೇಂಜ್' ಜೊತೆಗೆ 'ಎವೈ'. ಗುಂಪಿನ ವಾಲ್ಯೂಮುಗಳನ್ನು ಎಬ್ಬಿಸುವ ಆಜ್ಞೆ. ಎದ್ದಿತು. ಕೂಡಲೇ ಎಂದಿನಂತೆ ಮೌಂಟ್ ಮಾಡಲು ಬಿಡಲಿಲ್ಲ. ನಮ್ಮದು ಎಕ್ಸ್‌ಎಫ್‌ಎಸ್. ಅರ್ಧಕ್ಕೆ ನಿಂತ ಬರವಣಿಗೆಯನ್ನು ಅದು ಮೌಂಟ್ ಆಗುವಾಗಲೇ ಪೂರ್ತಿ ಮಾಡಲು ಹೊರಡುತ್ತದೆ. ಯುಎಸ್‌ಬಿಯಲ್ಲಿ ಜೋತುಬಿದ್ದ ಡಿಸ್ಕಿನ ಮೇಲೆ ಅದು ಬೇಡವೆನಿಸಿತು. ಆದ್ದರಿಂದ 'ಆರ್‌ಒ' ಮತ್ತು 'ನೋರಿಕವರಿ' ಎಂಬ ಎರಡು ಷರತ್ತು ಹಾಕಿ ಬರೇ ಓದಲು ಮಾತ್ರ ಮೌಂಟ್ ಮಾಡಿಸಿದೆ. ನಿಮ್ಮದು ಇಎಕ್ಸ್‌ಟಿ4 ಆದರೆ ಎರಡನೆಯ ಷರತ್ತಿಗೆ 'ನೋಲೋಡ್' ಎಂದು ಹೆಸರು.

"ಹಿರಿಯರ ಧ್ವನಿಯ ಕಡತಕೋಶ ಮೊದಲು ಕಾಪಿ ಮಾಡು, ಮಿಕ್ಕಿದ್ದು ಆಮೇಲೆ. ಆದದ್ದರಲ್ಲಿ ಒಂದನ್ನು ತೆರೆದು ನೋಡು, ಸರಿಯಾಗಿ ಬಂದಿದೆಯೇ ಎಂದು."

ಫೋನಿನಲ್ಲಿ ಮೊದಲು ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಒಂದು ಮುದಿ ಧ್ವನಿ. ಕುಂದಾಪುರದ ಕನ್ನಡ. ಬೆಳಗಿನ ಜಾವ ಮೂರಕ್ಕೆ ಎದ್ದು ಇಡ್ಲಿ ಹಿಟ್ಟು ನೋಡುವುದು, ಮಲಯಾಳ ಬಾರದೆ ಗಿರಾಕಿಗಳಿಗೆ ಕೈಸನ್ನೆ ಮಾಡಿದ್ದು, ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಕೊಂಡ ಕೆಂಪು ಸೀರೆ. ಮಾಣಿ ಏನೂ ಮಾತನಾಡಲಿಲ್ಲ. ಲೈನ್ ಕಟ್ಟಾಯಿತೆಂದು ಎರಡು ಸಲ ಹಲೋ ಎಂದೆ.

"ಮಾವ, ಇದು ನಮ್ಮ ಅಜ್ಜ" ಎಂದ.

ಅವನು ಹುಟ್ಟುವ ಮುಂಚೆಯೇ ತೀರಿಕೊಂಡವರು. ಅವರ ಧ್ವನಿ ಆ ಪೆಟ್ಟಿಗೆಯಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆ ರಾತ್ರಿ ಅವನಿಗೆ ಹೇಳುವ ಧೈರ್ಯ ಇರಲಿಲ್ಲ.

ಮರುದಿನ ಬೆಳಗಿನ ರೈಲು ಹಿಡಿದು ನಾರ್ತ್ ಸ್ಟೇಷನ್‌ನಲ್ಲಿ ಇಳಿದು ಕಲೂರಿಗೆ ಹೋದೆ. ಹೊಸ ಕೇಬಲ್ ಹಾಕಿ ಡಿಸ್ಕನ್ನು ಅದರ ಜಾಗದಲ್ಲಿ ಕೂರಿಸಿದೆವು. ಪಟ್ಟಿಯಲ್ಲಿ ಗುರುತನ್ನು ಮತ್ತೆ ತಿದ್ದಬೇಕಾಯಿತು. ಎಂದಿನಂತೆ ಮೌಂಟ್ ಆಯಿತು. ಕರೆಂಟ್ ಹೋದ ಗಳಿಗೆಯಲ್ಲಿ ಸ್ಕ್ಯಾನ್ ಆಗುತ್ತಿದ್ದ ಹಳೆಯ ಸಂಚಿಕೆಯ ಒಂದು ಪುಟ ಮಾತ್ರ ಸೊನ್ನೆ ಬೈಟಿನ ಫೈಲಾಗಿ ಉಳಿದಿತ್ತು. ಕಾಗದದ ಪ್ರತಿ ಕಪಾಟಿನಲ್ಲಿದೆ, ಮತ್ತೆ ಸ್ಕ್ಯಾನ್ ಮಾಡಿದರಾಯಿತು.

ಇನ್ನು, ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ರಾತ್ರಿ ಪಾಳಿಯಲ್ಲಿ ದೊಡ್ಡ ಕಂಪನಿಗಳ ಸರ್ವರ್ ಕಾಯುವ ನಿಮ್ಮಂಥವರಿಗೆ ನಾಲ್ಕು ಮಾತು. ಅಲ್ಲಿ ಡಿಸ್ಕು ಪೆಟ್ಟಿಗೆಯೊಳಗೆ ಇರುವುದಿಲ್ಲ. ಬೇರೆ ಕೋಣೆಯ ದೊಡ್ಡ ಸ್ಟೋರೇಜ್ ಯಂತ್ರದಿಂದ 'ಲನ್' ಎಂಬ ತುಂಡುಗಳಾಗಿ ಜಾಲದ ಮೂಲಕ ಬರುತ್ತದೆ. ಅಂದರೆ ನಕ್ಷೆಗೆ ಇನ್ನೊಂದು ಅಂತಸ್ತು. ಯಾವ ಲನ್ ಯಾವ ಸರ್ವರಿಗೆ ಎಂಬ ಪಹಣಿ ಆ ಯಂತ್ರದಲ್ಲಿದೆ. ಅಲ್ಲಿ ಯಾರೋ ಹಂಚಿಕೆ ಬದಲಿಸಿದರೆ ಕರ್ನೆಲ್ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬೀಳುತ್ತದೆ: ಈ ಕಡೆಯ ಲನ್ ಹಂಚಿಕೆ ಬದಲಾಗಿದೆ, ಲಿನಕ್ಸ್ ತಾನಾಗಿ ಮರುಜೋಡಣೆ ಮಾಡುವುದಿಲ್ಲ ಎಂದು. ಬಹಳ ಜನ ಇದನ್ನು ಓದದೆ ದಾಟಿಬಿಡುತ್ತಾರೆ. ಓದಿ! ನಿನ್ನೆ ಎಸ್‌ಡಿಡಿ ಎಂದಿದ್ದದ್ದು ಇಂದು ಬೇರೊಬ್ಬರ ಡಿಸ್ಕ್ ಆಗಿರಬಹುದು. ಎಸ್‌ಡಿಬಿ, ಎಸ್‌ಡಿಸಿ ಎಂಬುವು ಬಂದ ಸರದಿಯಲ್ಲಿ ಕೊಟ್ಟ ಟೋಕನ್ ನಂಬರ್ ಮಾತ್ರ. 'ಎಫ್‌ಎಸ್‌ಟ್ಯಾಬ್'ನಲ್ಲಿ ಟೋಕನ್ ನಂಬರ್ ಬರೆಯಬೇಡಿ, ಯುಯುಐಡಿ ಬರೆಯಿರಿ.

ಒಂದೇ ಲನ್ ನಾಲ್ಕು ದಾರಿಗಳಿಂದ ಬಂದು ನಾಲ್ಕು ಡಿಸ್ಕಿನಂತೆ ಕಾಣುವುದೂ ಉಂಟು. ಅವನ್ನು ಒಂದಾಗಿ ಕಟ್ಟುವವನು 'ಮಲ್ಟಿಪಾತ್'. ಅವನು ಏಳುವ ಮೊದಲೇ ಎಲ್‌ವಿಎಂ ಒಂದು ದಾರಿಯನ್ನು ಹಿಡಿದುಕೊಂಡರೆ, ಆಮೇಲೆ ಮಲ್ಟಿಪಾತ್ ಬಂದು ಡಿಸ್ಕ್ 'ಬ್ಯುಸಿ' ಎನ್ನುತ್ತಾನೆ. ಡಿವೈಸ್ ಮ್ಯಾಪರ್ ಟೇಬಲ್ ಬರೆಯಲಾಗಲಿಲ್ಲ ಎಂಬ ದೂರು ಬರುತ್ತದೆ. ಡಿಸ್ಕ್ ಕೆಟ್ಟಿಲ್ಲ, ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ, ಅಷ್ಟೆ. ಮಲ್ಟಿಪಾತ್ ಸಂರಚನೆ ಬದಲಿಸಿದವರು 'ಇನಿಟ್‌ರಾಮ್‌ಎಫ್‌ಎಸ್' ಅನ್ನು ಮತ್ತೆ ಕಟ್ಟದೆ ಮನೆಗೆ ಹೋಗಿರುತ್ತಾರೆ. ಮುಂದಿನ ರೀಬೂಟ್ ತನಕ ಅದು ಗೊತ್ತೇ ಆಗುವುದಿಲ್ಲ. ಆ ರೀಬೂಟ್ ನಿಮ್ಮ ಪಾಳಿಯಲ್ಲೇ ಬರುತ್ತದೆ, ನೋಡುತ್ತಿರಿ!

'ಟೂ ಸ್ಮಾಲ್ ಫಾರ್ ಟಾರ್ಗೆಟ್' ಎಂದು ಬಂದರೆ, ನಕ್ಷೆಯಲ್ಲಿ ಹತ್ತು ಎಕರೆ, ನೆಲದಲ್ಲಿ ಒಂಬತ್ತು ಎಂದರ್ಥ. ಯಾರೋ ಲನ್ ಕಿರಿದು ಮಾಡಿದ್ದಾರೆ, ಇಲ್ಲವೇ ಚಿಕ್ಕ ಡಿಸ್ಕಿಗೆ ಪ್ರತಿ ತೆಗೆದಿದ್ದಾರೆ. ಇಲ್ಲಿ 'ಎಫ್‌ಎಸ್‌ಸಿಕೆ' ಮುಟ್ಟಲೇಬೇಡಿ. ಮೊದಲು ನೆಲ ಹತ್ತು ಎಕರೆ ಆಗಲಿ. ಇನ್ನೊಂದು, ನನಗೆ ಅತಿ ಭಯದ್ದು: ಒಂದೇ ಲನ್ ಎರಡು ಸರ್ವರಿಗೆ ಹಂಚಿಕೆಯಾಗಿ ಇಬ್ಬರೂ ಮೌಂಟ್ ಮಾಡುವುದು. ಎಕ್ಸ್‌ಎಫ್‌ಎಸ್, ಇಎಕ್ಸ್‌ಟಿ4 ಎರಡೂ ಒಬ್ಬನೇ ಯಜಮಾನನಿಗಾಗಿ ಮಾಡಿದವು. ಇಬ್ಬರು ಒಂದೇ ತೋಟದಲ್ಲಿ ಒಬ್ಬರಿಗೊಬ್ಬರು ತಿಳಿಯದಂತೆ ಸಸಿ ನೆಟ್ಟು ಸಸಿ ಕಿತ್ತರೆ ಏನು ಉಳಿದೀತು? ಇದು ನಕ್ಷೆಯ ದೋಷವಾಗಿ ಶುರುವಾಗಿ ನೆಲದ ನಾಶವಾಗಿ ಮುಗಿಯುತ್ತದೆ.

ನಿಮ್ಮಲ್ಲಿ ರಾಜ್ಯ ಪಠ್ಯಕ್ರಮದಲ್ಲಿ ಓದಿದವರಿಗೆ ಲಿನಕ್ಸ್ ಹೊಸದಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆಯೇ 2017ರಲ್ಲಿ 'ಕೈಟ್' ಆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ಇದೆ. ನನ್ನ ಕಾಲದಲ್ಲಿ ಅದೆಲ್ಲ ಎಲ್ಲಿತ್ತು! ಆದ್ದರಿಂದ ಇದನ್ನು ಕೈಯಾರೆ ಮಾಡಿ ನೋಡುವುದು ನಿಮಗೆ ಕಷ್ಟವಲ್ಲ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ 200 ಎಂಬಿಯ ಎರಡು ಖಾಲಿ ಫೈಲು ಮಾಡಿ. 'ಲೋಸೆಟಪ್' ಆಜ್ಞೆಯಿಂದ ಅವಕ್ಕೆ ಡಿಸ್ಕಿನ ವೇಷ ಹಾಕಿ. ಎರಡನ್ನೂ ಸೇರಿಸಿ ಗುಂಪು ಕಟ್ಟಿ, 300 ಎಂಬಿಯ ವಾಲ್ಯೂಮ್ ತೆಗೆಯಿರಿ. ಅದು ಎರಡರ ಮೇಲೂ ಹರಡಲೇಬೇಕು. ಒಂದು ಹಾಡು ಹಾಕಿ. ವಾಲ್ಯೂಮನ್ನು ಅನ್‌ಮೌಂಟ್ ಮಾಡಿ ನಿಲ್ಲಿಸಿ, ಒಂದು ವೇಷ ಕಳಚಿ. ಈಗ 'ಪಿವಿಎಸ್' ಏನು ಹೇಳುತ್ತದೆ, 'ಎಲ್‌ವಿಎಸ್' ಏನು ಹೇಳುತ್ತದೆ ಬರೆದುಕೊಳ್ಳಿ. ಮಾಣಿ ಒತ್ತಲಿದ್ದ ಆಜ್ಞೆಯನ್ನು ಇಲ್ಲಿ ಧಾರಾಳವಾಗಿ ಒತ್ತಿ ನೋಡಿ. ಆಮೇಲೆ '/ಇಟಿಸಿ/ಎಲ್‌ವಿಎಂ/ಆರ್ಕೈವ್'ನಲ್ಲಿರುವ ಹಿಂದಿನ ನಕ್ಷೆ ಹುಡುಕಿ, ವೇಷ ಮತ್ತೆ ಹಾಕಿ, 'ವಿಜಿಸಿಎಫ್‌ಜಿರಿಸ್ಟೋರ್' ಆಜ್ಞೆಯಿಂದ ಮರಳಿ ತರಲು ಯತ್ನಿಸಿ. ಹಾಡು ಮತ್ತೆ ಕೇಳಿದರೆ ನನಗೊಂದು ಫೋನು ಮಾಡಿ.

ಹಾಗಾದರೆ ಮಾಣಿ ಅಂದು ಒತ್ತಿದ್ದರೂ ಮರಳಿ ತರಬಹುದಿತ್ತಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ತರಬಹುದಿತ್ತು, ಆ ಗಾಬರಿಯಲ್ಲಿ ಅವನು ಅಲ್ಲಿಗೇ ನಿಂತಿದ್ದರೆ. ಅವನ ಫೋನಿನಲ್ಲಿ ಆ ಆಜ್ಞೆಯ ಕೆಳಗಿನ ಸಾಲು ಏನಿತ್ತೆಂದು ಮರುದಿನ ನೋಡಿದೆ: ಹೊಸ ವಾಲ್ಯೂಮ್ ಮಾಡಿ, 'ಎಂಕೆಎಫ್‌ಎಸ್' ಓಡಿಸಿ.

ಈಗ ನಮ್ಮ ಸರ್ವರಿನ ನಕ್ಷೆಯನ್ನು ಮಾಣಿ 'ವಿಜಿಸಿಎಫ್‌ಜಿಬ್ಯಾಕಪ್' ಆಜ್ಞೆಯಿಂದ ತೆಗೆದು ಕಾಗದದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಳದ ಒಳಬದಿಗೆ ಅಂಟಿಸಿದ್ದಾನೆ. ಎರಡೂ ಡಿಸ್ಕಿನ ಮೇಲೆ ಅವುಗಳ ಸೀರಿಯಲ್ ನಂಬರು ಕನ್ನಡ ಅಂಕಿಯಲ್ಲಿ ಬರೆದಿದ್ದಾನೆ. ತಮಾಷೆಗಂತೆ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂದಿದೆ. ಭಂಡಾರದ ಇನ್ನೊಂದು ಪ್ರತಿ ತಿರುವನಂತಪುರದ ನಮ್ಮ ಸದಸ್ಯರೊಬ್ಬರ ಮನೆಯ ಕಪಾಟಿನಲ್ಲಿ ಸೀರೆಗಳ ನಡುವೆ ಇದೆ. ತಿಂಗಳ ಮೊದಲ ಭಾನುವಾರ ಅದನ್ನು ಹೊಸದು ಮಾಡುವ ಸರದಿ ಹಾಕಿದ್ದೇವೆ. ಈ ತಿಂಗಳ ಸರದಿಗೆ ಇಬ್ಬರು ಬೇಕಾಗಿದ್ದಾರೆ. ಬರುವವರು ಸಂಘದ ಕೊಠಡಿಗೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಸರ್ವರಿನ ಮೇಲೆ ಟಿಫಿನ್ ಡಬ್ಬ ಇಡಬೇಡಿ.